ನೋಲಾಳ ಪಾಲಿನ ಪೆಟ್ಟಿಗೆ

ನೋಲಾ ಪೈಬಸ್‌ಗೆ ಏನು ಕೆಲಸ ಅಂತ ಯಾರಾದರೂ ಕೇಳಿದರೆ, ಯಾವ ತಿಂಗಳಿಂದು ಹೇಳಲಿ ಅಂತ ನಾನು ತಿರುಗಿ ಕೇಳುತ್ತೇನೆ. ಜನವರಿಯಾದರೆ ಚೆರಿ ಹಣ್ಣು ಕೀಳುತ್ತಾಳೆ. ಮಾರ್ಚಿನಿಂದ ಮೇ ತನಕ ಸೇಬು. ಜೂನಿಗೆ ನಮ್ಮಲ್ಲಿ ಚಳಿಗಾಲ, ಆಗ ಯಾರಾದರೂ ಕರೆದರೆ ಗಿಡದ ಕೊಂಬೆ ಸವರುತ್ತಾಳೆ, ಕರೆಯದಿದ್ದರೆ ನದಿ ಕೆಳಗಡೆ ಹೋಗಿ ತಣ್ಣೀರಲ್ಲಿ ಕೈಯಿಟ್ಟು ಸಿಂಪಿ ವಿಂಗಡಿಸುತ್ತಾಳೆ. ಕುರಿ ಉಣ್ಣೆ ಕತ್ತರಿಸುವ ಕಾಲ ಬಂತೋ, ಶೆಡ್ಡಿನ ಗಂಡಸರಿಗೆಲ್ಲ ಅಡುಗೆ ಮಾಡಿ ಹಾಕುತ್ತಾಳೆ. ಬೇಸಿಗೆಯಲ್ಲಿ ಹೋಬಾರ್ಟ್ ಪಟ್ಟಣದವರು ಬಂದು ಇಳಿದುಕೊಳ್ಳುವ ಮನೆಗಳ ಹಾಸಿಗೆ ಬಟ್ಟೆ ಬದಲಾಯಿಸುತ್ತಾಳೆ. ಚುನಾವಣೆ ಬಂದರೆ ಬೂತಿನಲ್ಲಿ ಕೂತು ಓಟಿನ ಚೀಟಿಗೆ ಗುರುತು ಹಾಕಲು ಜನರಿಗೆ ಪೆನ್ಸಿಲ್ ಕೊಡುತ್ತಾಳೆ. ಇದ್ಯಾವುದೂ ಇಲ್ಲದ ವಾರಗಳಲ್ಲಿ ನಿರುದ್ಯೋಗ ಭತ್ಯೆ ತಗೊಳ್ಳುತ್ತಾಳೆ.

ಭತ್ಯೆ ತಗೊಳ್ಳುವವರನ್ನು ಕಂಡರೆ ಕೆಲವರಿಗೆ ಹೊಟ್ಟೆ ಉರಿ. ಸೋಮಾರಿಗಳು, ಸರ್ಕಾರದ ದುಡ್ಡು ತಿಂದು ಬಿದ್ದಿರುತ್ತಾರೆ ಅಂತ ಬೇಕರಿ ಮುಂದೆ ನಿಂತು ಮಾತಾಡುತ್ತಾರೆ. ಅಂಥವರನ್ನು ಒಂದೇ ಒಂದು ಬೆಳಗ್ಗೆ ನೋಲಾಳ ಜೊತೆ ಏಣಿ ಹತ್ತಿಸಬೇಕು. ಸೊಂಟ ಹಿಡಿದುಕೊಂಡು ಅಯ್ಯಪ್ಪಾ ಅಂತ ಕೂತುಬಿಡುತ್ತಾರೆ. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಎಲ್ಲರೂ ಹೇಳುತ್ತಾರೆ, ಹೇಳಲಿ ಬಿಡಿ. ನಾನು ಗ್ಲೆನಿಸ್, ಕರೆಯುವವರಿಗೆ ಗ್ಲೆನ್. ಹ್ಯೂವಾನ್ ನದಿ ದಂಡೆಯಲ್ಲಿ ಕೆಲ್ವಿನ್ ಅನ್ನುವವನ ಸೇಬಿನ ತೋಟ ಇದೆ, ಅಲ್ಲಿ ಟ್ರ್ಯಾಕ್ಟರ್ ಓಡಿಸುತ್ತೇನೆ. ತುಂಬಿದ ಪೆಟ್ಟಿಗೆಗಳನ್ನು ಎತ್ತಿಕೊಂಡು ಹೋಗುವುದು, ಖಾಲಿ ಪೆಟ್ಟಿಗೆ ತಂದಿಡುವುದು, ಯಾರು ತುಂಬಿದ್ದು ಅಂತ ಪೆಟ್ಟಿಗೆಗೆ ಚೀಟಿ ಚುಚ್ಚುವುದು ನನ್ನ ಕೆಲಸ. ಪೆಟ್ಟಿಗೆ ಅಂದರೆ ಸಣ್ಣದಲ್ಲ, ಒಬ್ಬ ಆಳು ಒಳಗೆ ಕಾಲು ಚಾಚಿ ಮಲಗಬಹುದು, ಅಷ್ಟು ದೊಡ್ಡದು.

ಭತ್ಯೆಯ ಆಫೀಸಿಗೆ ಹದಿನೈದು ದಿನಕ್ಕೊಂದು ಸಲ ಹೋಗಿ, ಎಲ್ಲೆಲ್ಲಿ ದುಡಿದೆ, ಏನೇನು ಬಂತು ಅಂತ ಹೇಳಬೇಕು. ಬಂದದ್ದು ಜಾಸ್ತಿಯಾದರೆ ಭತ್ಯೆ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಒಂದೇ ಕಡೆ ದುಡಿಯುವವರಿಗೆ ಇದೇನೂ ಕಷ್ಟವಿಲ್ಲ. ಅಲ್ಲಿಷ್ಟು ಇಲ್ಲಿಷ್ಟು ದುಡಿಯುವವರಿಗೆ ತಲೆ ಚಿಟ್ಟು ಹಿಡಿದುಹೋಗುತ್ತದೆ. ನಮ್ಮೂರಲ್ಲಿ ಎಷ್ಟೋ ಜನ ಅಂದಾಜಿಗೆ ಏನೋ ಒಂದು ಹೇಳಿ ಬಂದುಬಿಡುತ್ತಾರೆ. ನೋಲಾ ಹಾಗಲ್ಲ. ಅವಳು ಆಫೀಸಿಗೆ ಹೋಗುವುದು ಪಾದ್ರಿ ಮುಂದೆ ಪಾಪ ಹೇಳಿಕೊಳ್ಳುವುದಕ್ಕೆ ಹೋದ ಹಾಗೆ. ಏನೂ ಬಿಡುವುದಿಲ್ಲ.

ಒಂದು ಸಲ ನಾನೂ ಜೊತೆಗಿದ್ದೆ. ಕೌಂಟರಿನಲ್ಲಿ ಟೆಗನ್ ಅಂತ ಒಬ್ಬಳು ಹುಡುಗಿ, ಕೆಲಸಕ್ಕೆ ಸೇರಿ ಇನ್ನೂ ಹೊಸತು.

"ಬೇರೆ ಏನಾದರೂ ಸಂಪಾದನೆ ಇತ್ತಾ ನೋಲಾ?" ಅಂತ ಕೇಳಿದಳು.

"ಅರ್ಧ ಕುರಿಮರಿ," ಅಂದಳು ನೋಲಾ.

ಟೆಗನ್ ಪೆನ್ನು ಎತ್ತಿದವಳು ಹಾಗೇ ನಿಂತಳು. "ಅಂದ್ರೆ?"

"ಉಣ್ಣೆ ಶೆಡ್ಡಿನವರು ಕೊಟ್ರು. ಅಡುಗೆಗೆ ಕೂಲಿ ಕೊಟ್ಟಿದ್ರು, ಅದನ್ನ ಆಗಲೇ ಹೇಳಿದೀನಿ. ಕೊನೇ ದಿನ ಅವರ ಒಲೆ ಉಜ್ಜಿ ಕೊಟ್ಟೆ, ಅದಕ್ಕೆ ಇದು."

"ಅದು ಉಡುಗೊರೆ ನೋಲಾ. ಬರೆಯೋದು ಬೇಡ."

"ಉಡುಗೊರೆ ಹೇಗಾಗುತ್ತೆ ಪುಟ್ಟಿ? ಒಲೆ ಉಜ್ಜಿದೀನಲ್ಲ. ಆ ಒಲೆ ನೀನು ನೋಡಿಲ್ಲ."

"ಸರಿ, ಹಾಗಾದ್ರೆ ಅರ್ಧ ಕುರಿಮರಿ ಅಂದ್ರೆ ಬೆಲೆ ಎಷ್ಟು ಅಂತ ಹಾಕಲಿ?"

"ಮುಂದಿನ ಅರ್ಧವೋ ಹಿಂದಿನ ಅರ್ಧವೋ ಅನ್ನೋದರ ಮೇಲೆ ಹೋಗುತ್ತೆ," ಅಂತ ನೋಲಾ ಭಾರೀ ಗಂಭೀರವಾಗಿ ಹೇಳಿದಳು.

ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೊರಗೆ ಓಡಿದೆ. ಆ ಮಾತು ತೋಟದಲ್ಲೆಲ್ಲ ಹಬ್ಬಿ, ಒಂದು ವರ್ಷ ಪೂರ್ತಿ ಎಲ್ಲರೂ ಅವಳನ್ನು "ಏನಮ್ಮಾ, ಮುಂದಿನರ್ಧವೋ ಹಿಂದಿನರ್ಧವೋ?" ಅಂತ ರೇಗಿಸಿದರು. ಅವಳು ಕ್ಯಾರೇ ಅನ್ನಲಿಲ್ಲ.

ಇಂಥವಳನ್ನೇ ಒಂದು ದಿನ ಸುಳ್ಳಿ ಅಂತ ಅದೇ ಆಫೀಸಿನಲ್ಲಿ ಬರೆದುಕೊಂಡರು. ಬರೆಸಿದ್ದೂ ಇವಳೇ. ಯಾಕೆ ಅಂತ ಹೇಳಬೇಕಾದರೆ ಕ್ಲೆಮ್‌ನ ವಿಷಯ ಹೇಳಬೇಕು.

ಕ್ಲೆಮ್ ಡಗನ್ ನೋಲಾಳ ಜೋಡಿ. ಗಂಡನಲ್ಲ, ನೆಂಟನೂ ಅಲ್ಲ, ಹಣ್ಣು ಕೀಳುವ ಜೋಡಿ. ಅವಳಿಗಿಂತ ಹದಿನೈದಿಪ್ಪತ್ತು ವರ್ಷ ದೊಡ್ಡವನು. ನಮ್ಮ ಕಡೆ ಇಬ್ಬರು ಸೇರಿ ಒಂದೇ ಪೆಟ್ಟಿಗೆಗೆ ಕೀಳುವುದುಂಟು, ಪಾಲಿನ ಪೆಟ್ಟಿಗೆ ಅನ್ನುತ್ತೇವೆ. ಒಬ್ಬ ಏಣಿ ಮೇಲೆ, ಒಬ್ಬ ಕೆಳಗೆ. ಚೀಟಿಯಲ್ಲಿ ಮಾತ್ರ ಒಬ್ಬರದೇ ಹೆಸರು, ಯಾಕೆಂದರೆ ಚೀಟಿಯಲ್ಲಿರುವುದು ಒಂದೇ ಗೆರೆ. ಶುಕ್ರವಾರ ಕೂಲಿ ಯಾರ ಹೆಸರಿನಲ್ಲಿ ಬರುತ್ತದೋ ಅವರು ಅರ್ಧ ತೆಗೆದು ಇನ್ನೊಬ್ಬರ ಕೈಗೆ ಕೊಡುತ್ತಾರೆ. ಯಾರು ಎಷ್ಟು ಕಿತ್ತರು ಅಂತ ಎಣಿಸುವ ಹಾಗಿಲ್ಲ. ಎಣಿಸಿದ ದಿನ ಜೋಡಿ ಮುರಿಯಿತು ಅಂತಲೇ ಲೆಕ್ಕ.

ನೋಲಾ ಮೊದಲ ಸಲ ತೋಟಕ್ಕೆ ಬಂದಾಗ ಕಂಕುಳಲ್ಲಿ ಕೂಸು, ಕೈಯಲ್ಲೊಂದು ಚೀಲ. ಗಂಡ ಯಾವುದೋ ಹಡಗು ಹತ್ತಿ ಹೋದವನು ಹೋದ. ನಾನೂ ಆಗ ಟ್ರ್ಯಾಕ್ಟರ್ ಕಲಿಯುತ್ತಿದ್ದೆ. ಅವಳಿಗೆ ಹಣ್ಣು ಕೀಳುವುದಕ್ಕೆ ಬರುತ್ತಲೇ ಇರಲಿಲ್ಲ. ಸೇಬನ್ನು ಎಳೆಯಬಾರದು, ಅಂಗೈಯಲ್ಲಿ ಹಿಡಿದು ಮೇಲಕ್ಕೆ ಎತ್ತಬೇಕು, ತೊಟ್ಟು ಹಣ್ಣಿನ ಜೊತೆಗೇ ಬರಬೇಕು. ಇವಳು ಎಳೆದೆಳೆದು ತೊಟ್ಟು ಕಿತ್ತು, ಹಣ್ಣು ಜಜ್ಜಿ, ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯ ತಳವೂ ಮುಚ್ಚದೆ ಅಳುತ್ತಾ ನಿಂತಿದ್ದಳು. ಕ್ಲೆಮ್ ಪಕ್ಕದ ಸಾಲಿನಿಂದ ಬಂದ. ಊರಲ್ಲೇ ಅವನಷ್ಟು ಚುರುಕಾಗಿ ಕೀಳುವವರು ಇರಲಿಲ್ಲ.

"ಏ ಹುಡುಗಿ, ನನಗೊಬ್ಬ ಜೋಡಿ ಬೇಕು. ನನಗೆ ಕೆಳಗಿನ ಕೊಂಬೆ ಬಗ್ಗಿ ಕೀಳೋಕೆ ಬೆನ್ನು ಕೇಳಲ್ಲ. ನೀನು ಕೆಳಗಿಂದು ನೋಡ್ಕೋ," ಅಂದ.

ಬೆನ್ನು ಕೇಳಲ್ಲವಂತೆ! ಕುಸ್ತಿಪಟುವಿನ ಹಾಗಿದ್ದ. ಕೂಸನ್ನು ಒಂದು ಖಾಲಿ ಪೆಟ್ಟಿಗೆಯಲ್ಲಿ ಕಂಬಳಿ ಹಾಸಿ ಮಲಗಿಸಿದ. ತಾನು ಏಣಿ ಹತ್ತಿ ಸರಸರ ಕೀಳುತ್ತಾ ಹೋದ. ಆ ವರ್ಷ ಪೆಟ್ಟಿಗೆಯ ಮುಕ್ಕಾಲು ಅವನೇ ತುಂಬಿದ್ದು, ಕೆಲವು ದಿನ ಅದಕ್ಕಿಂತಲೂ ಜಾಸ್ತಿ. ಶುಕ್ರವಾರ ಮಾತ್ರ ಸರಿಯಾಗಿ ಅರ್ಧ ಅವಳ ಕೈಗೆ ಕೊಡುತ್ತಿದ್ದ. ನೋಲಾಗೆ ಗೊತ್ತಾಗುತ್ತಿತ್ತು. ಏನೋ ಹೇಳಲು ಹೋದರೆ, "ಮೇಲಿನ ಹಣ್ಣು ಪೊಳ್ಳು, ಭಾರ ಇರೋದೆಲ್ಲ ಕೆಳಗಿನ ಹಣ್ಣು," ಅಂತ ಬಾಯಿ ಮುಚ್ಚಿಸುತ್ತಿದ್ದ. ಮಾರನೇ ವರ್ಷಕ್ಕೆ ಅವಳು ಕಲಿತಳು. ಆಮೇಲೆ ಇಷ್ಟು ವರ್ಷ ಇಬ್ಬರೂ ಜೋಡಿ ಬಿಡಲಿಲ್ಲ. ಕೂಸು ಬೆಳೆದು ದೊಡ್ಡವಳಾಗಿ ಹೋಬಾರ್ಟಿನಲ್ಲಿ ಬ್ರೆಡ್ ಗಾಡಿ ಓಡಿಸುತ್ತಿದ್ದಾಳೆ. ಕ್ಲೆಮ್ ಮಾತ್ರ ಅರುವತ್ತರ ಹತ್ತಿರ ಬಂದ ನೋಲಾಳನ್ನು ಇವತ್ತಿಗೂ ಹುಡುಗಿ ಅಂತಲೇ ಕರೆಯುತ್ತಾನೆ.

ಎರಡು ಮೂರು ವರ್ಷದ ಹಿಂದೆ ಕ್ಲೆಮ್‌ನ ಕೈ ನಡುಗಲು ಶುರುವಾಯಿತು. ಮೊದಲು ಎಡಗೈ, ಆಮೇಲೆ ಬಲಗೈ. ಟೀ ವೇಳೆಯಲ್ಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ, ನಾವು ಬೇರೆ ಕಡೆ ನೋಡುತ್ತಿದ್ದೆವು. ಒಂದು ವರ್ಷ ಸೇಬಿನ ಕಾಲ ಶುರುವಾದಾಗ, "ಈ ಸಲದಿಂದ ಚೀಟಿ ನಿನ್ನ ಹೆಸರಲ್ಲಿರಲಿ ಹುಡುಗಿ, ಕೂಲಿ ಇಸ್ಕೊಳ್ಳೋವಾಗ ಹಾಕೋ ನನ್ನ ಸಹಿ ಕೋಳಿ ಕೆದರಿದ ಹಾಗಾಗಿದೆ," ಅಂದ. ನೋಲಾ ಸರಿ ಅಂದಳು. ಅವತ್ತೇ ಏಣಿಯನ್ನೂ ಅವಳು ಎತ್ತಿಕೊಂಡಳು. "ನನಗೆ ಬಗ್ಗೋಕಾಗಲ್ಲ ಕಣೋ, ಸೊಂಟ ಹಿಡ್ಕೊಳ್ಳುತ್ತೆ. ನೀನು ಕೆಳಗಿಂದು ನೋಡ್ಕೋ," ಅಂದಳು.

ಅವನು ಸುಮ್ಮನೆ ಅವಳ ಮುಖ ನೋಡಿದ. ಆಮೇಲೆ ಹಣ್ಣಿನ ಚೀಲವನ್ನು ಎದೆಗೆ ಕಟ್ಟಿಕೊಂಡು ಕೆಳಗಿನ ಕೊಂಬೆಗೆ ಕೈ ಹಾಕಿದ.

ನಾನು ದಿನಕ್ಕೆ ಎಷ್ಟೋ ಸಲ ಆ ಸಾಲಿನಲ್ಲಿ ಟ್ರ್ಯಾಕ್ಟರ್ ತಗೊಂಡು ಹೋಗುವವಳು, ನನ್ನ ಕಣ್ಣು ತಪ್ಪುತ್ತದೆಯೇ? ಅವಳು ನಾಲ್ಕು ಚೀಲ ಸುರಿಯುವ ಹೊತ್ತಿಗೆ ಅವನದು ಒಂದು, ಅದೂ ತುಂಬಿರುತ್ತಿರಲಿಲ್ಲ. ಹೋದ ವರ್ಷವಂತೂ ಅವನದು ಬರೀ ತೋರಿಕೆಗೆ ಅನ್ನುವಷ್ಟಾಗಿತ್ತು. ಆದರೂ ಶುಕ್ರವಾರ ನೋಲಾ ಸರಿಯಾಗಿ ಅರ್ಧ ಅವನ ಕೈಗಿಡುತ್ತಿದ್ದಳು. ಅವನು ಜೇಬಿಗೆ ಹಾಕಿಕೊಂಡು, "ಒಳ್ಳೇ ವಾರ ಹುಡುಗಿ," ಅನ್ನುತ್ತಿದ್ದ. ಅದೊಂದು ಮಾತು ಕೇಳುವುದಕ್ಕೆ ಅವಳು ಮೂಳೆ ಮುರಿದುಕೊಂಡು ದುಡಿಯುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದೇ. ತಾನು ಇನ್ನು ಕೀಳುವವನಲ್ಲ ಅಂತ ಕ್ಲೆಮ್‌ಗೆ ತಿಳಿಯಬಾರದು.

ಆಫೀಸಿನಲ್ಲಿ ಅವಳು ಹೇಳುತ್ತಿದ್ದದ್ದು ತನಗೆ ಉಳಿದ ಅರ್ಧ ಮಾತ್ರ. ಅವಳ ಲೆಕ್ಕದಲ್ಲಿ ಅದೇ ನಿಜ, ಇನ್ನರ್ಧ ಅವಳದಲ್ಲವಲ್ಲ. ಕ್ಲೆಮ್‌ನ ಹೆಸರಿನಲ್ಲಿ ಚೀಟಿ ಇದ್ದಾಗಲೂ ಹೀಗೇ ನಡೆಯುತ್ತಿತ್ತು, ಇಲ್ಲಿ ಹಣ್ಣು ಕೀಳುವವರೆಲ್ಲ ಹೀಗೇ ಮಾಡುತ್ತಾರೆ. ಆದರೆ ಹೋದ ವರ್ಷ ಆಫೀಸಿನವರು ತೋಟದ ಲೆಕ್ಕ ತರಿಸಿ ನೋಡಿದರು. ತೋಟದಲ್ಲಿ ನೋಲಾಳ ಹೆಸರಿನಲ್ಲಿ ಅವಳು ಹೇಳಿದ್ದಕ್ಕಿಂತ ಎರಡರಷ್ಟು ಸಂಬಳ. ಬಂದು ಕಾಣು ಅಂತ ಕರೆ ಬಂತು. ಅವಳ ಕಾರು ಕೆಟ್ಟು ಕೂತಿತ್ತು, ನಾನೇ ಕರೆದುಕೊಂಡು ಹೋದೆ.

ಟೆಗನ್ ಮುಖ ಬಾಡಿತ್ತು. ಪಾಪ, ಅವಳಿಗೆ ನೋಲಾ ಅಂದರೆ ಇಷ್ಟ.

"ನೋಲಾ, ಇದರಲ್ಲೇನೋ ತಪ್ಪಾಗಿದೆ ಅಂತ ನನಗೆ ಗೊತ್ತು. ನೀವು ಜೋಡಿಯಾಗಿ ಕೀಳ್ತೀರಂತಲ್ಲ? ತೋಟದ ಯಜಮಾನರು ಹೇಳಿದ್ರು."

"ಹೌದು."

"ಹಾಗಾದ್ರೆ ಸುಲಭ. ಆ ಕ್ಲೆಮ್ ಇಲ್ಲಿಗೆ ಬಂದು, ಇಷ್ಟು ಪೆಟ್ಟಿಗೆ ನಾನು ಕಿತ್ತದ್ದು ಅಂತ ಹೇಳಿ ಸಹಿ ಹಾಕಿದ್ರೆ ಸಾಕು. ಎಲ್ಲ ಸರಿಹೋಗುತ್ತೆ. ಯಾರು ಎಷ್ಟು ಕಿತ್ರಿ ಅಂತ ಅಷ್ಟೇ ಬೇಕಾಗಿರೋದು."

ನೋಲಾ ಟೇಬಲ್ಲಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಸೇಬಿನ ಕಾಲದಲ್ಲಿ ಅವಳ ಬೆರಳೆಲ್ಲ ಗೀರು, ಉಗುರು ಕಪ್ಪು. ಹೇಳೇ, ಅರ್ಧ ಅವನದು ಅನ್ನೇ ಅಂತ ನಾನು ಮನಸ್ಸಿನಲ್ಲೇ ಬಡಕೊಳ್ಳುತ್ತಿದ್ದೆ.

"ಅವನನ್ನ ಕೇಳಲೇಬೇಕಾ?" ಅಂದಳು ಕೊನೆಗೆ.

"ಅರ್ಧ ಅವರದು ಅಂತ ನೀವು ಹೇಳೋದಾದ್ರೆ ಕೇಳಲೇಬೇಕು."

"ಹಾಗಾದ್ರೆ ಬರ್ಕೋ ಪುಟ್ಟಿ. ಅಷ್ಟೂ ನಂದೇ."

"ನೋಲಾ! ಅಷ್ಟೂ ನಿಮ್ಮದು ಅಂದ್ರೆ ನೀವು ಮುಚ್ಚಿಟ್ಟು ಅರ್ಧ ಹೇಳಿದ್ರಿ ಅಂತಾಗುತ್ತೆ. ಭತ್ಯೆ ನಿಲ್ಲಿಸ್ತಾರೆ. ಹಿಂದಿಂದೂ ವಾಪಸ್ ಕಟ್ಟಬೇಕಾಗುತ್ತೆ."

"ತಪ್ಪಾಯ್ತು ಅಂತ ಬರ್ಕೋ. ಅಷ್ಟೂ ನಾನೇ ಕಿತ್ತದ್ದು."

ಟೆಗನ್ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಬರೆದುಕೊಂಡಳು.

ಗಾಡಿ ಹತ್ತಿ ಬಾಗಿಲು ಹಾಕಿದ ತಕ್ಷಣ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. "ನಿನಗೆ ತಲೆ ಕೆಟ್ಟಿದೆಯೇನೇ? ಅರ್ಧ ಕುರಿಮರಿ ಬರೆಸೋಳು ನೀನು! ಇವತ್ತು ನಿನ್ನನ್ನೇ ಕಳ್ಳಿ ಅಂತ ಬರೆಸಿ ಬಂದ್ಯಲ್ಲೇ! ಅರ್ಧ ಅವನದು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಈ ಚಳಿಗಾಲ ಏನು ತಿಂತೀಯಾ, ಕಲ್ಲಾ?"

ಅವಳು ನಾನು ಸುಸ್ತಾಗುವ ತನಕ ಬಿಟ್ಟು ಆಮೇಲೆ ಹೇಳಿದಳು. "ಅರ್ಧ ಅವನು ಕಿತ್ತ ಅಂದ್ರೆ ಸುಳ್ಳಾಗುತ್ತೆ ಗ್ಲೆನ್. ನೀನೂ ನೋಡಿದೀಯ. ಹೋಗಲಿ, ಸುಳ್ಳು ಹೇಳ್ದೆ ಅಂತಿಟ್ಕೋ. ಅವನನ್ನ ಅಲ್ಲಿ ಕೂರಿಸಿ, ಕ್ಲೆಮ್ ನೀವೆಷ್ಟು ಕಿತ್ರಿ ಅಂತಾರೆ. ಅವನು ಎಣಿಸೋಕೆ ಶುರು ಮಾಡ್ತಾನೆ. ಎಣಿಸಿದ್ರೆ ಮುಗೀತು. ಮಾರನೇ ದಿನದಿಂದ ತೋಟಕ್ಕೆ ಬರಲ್ಲ ಅವನು."

ನಾನು ಗಾಡಿ ಸ್ಟಾರ್ಟ್ ಮಾಡಿದೆ.

"ನೀನೂ ಬಾಯಿ ಬಿಡಬಾರದು, ಆಣೆ ಮಾಡು," ಅಂದಳು.

ನನ್ನದು ಹರಕು ಬಾಯಿ ಅಂತ ಅವಳಿಗೆ ಗೊತ್ತು. ಆಣೆ ಮಾಡಿದೆ. ನದಿ ಸೇತುವೆ ದಾಟುವಾಗ ನನ್ನ ಕಣ್ಣು ತುಂಬಿ ಬಂದು ದಾರಿಯೇ ಮಸುಕಾಯಿತು. ಅವಳು ಬಗ್ಗಿ ಗಾಜು ಒರೆಸಿದಳು, ಮಂಜು ಕವಿದಿದೆ ಅಂದುಕೊಂಡು.

ಆ ಚಳಿಗಾಲ ಕೆಟ್ಟದ್ದಾಗಿತ್ತು. ಗಿಡ ಸವರುವ ಕೆಲಸಕ್ಕೆ ಕೆಲ್ವಿನ್ ಯಾರನ್ನೂ ಕರೆಯಲಿಲ್ಲ. ಸಿಂಪಿಯ ಕೆಲಸವೂ ಇವತ್ತಿದ್ದರೆ ನಾಳೆ ಇಲ್ಲ. ನೋಲಾ ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದು ಬಿಟ್ಟಳು. ನಾನು ಸೂಪು ತಗೊಂಡು ಹೋದರೆ ಹೊಟ್ಟೆ ತುಂಬಿದೆ ಅನ್ನುತ್ತಿದ್ದಳು. ಅವಳ ಜಂಭಕ್ಕೆ ಬೆಂಕಿ ಹಾಕ! ಮೊದಲು ಗಮನಿಸಿದ್ದು ಕ್ಲೆಮ್. ಅವನ ಮನೆ ಗುಡ್ಡದ ಮೇಲಿದೆ, ಅಲ್ಲಿಂದ ನೋಲಾಳ ಮನೆಯ ಹೊಗೆಗೂಡು ಕಾಣುತ್ತದೆ. ಒಂದು ಬೆಳಗ್ಗೆ ನಮ್ಮನೆಗೆ ಬಂದ.

"ಗ್ಲೆನ್, ಹುಡುಗಿ ಮನೇಲಿ ಒಲೆ ಹೊತ್ತಿಲ್ಲ. ನೆನ್ನೇನೂ ಹೊತ್ತಿರಲಿಲ್ಲ. ಸೇಬಿನ ಕಾಲದಲ್ಲಿ ಅಷ್ಟು ಕಿತ್ವಿ, ದುಡ್ಡು ಎಲ್ಲಿ ಹೋಯ್ತು?"

"ನನಗೇನು ಗೊತ್ತು?" ಅಂದೆ.

"ಭತ್ಯೆ ಬರ್ತಿಲ್ವಾ?"

"ನನ್ನನ್ನೇನು ಕೇಳ್ತೀಯಾ ಮಾರಾಯ, ಅವಳನ್ನ ಕೇಳು," ಅಂತ ಸಿಡುಕಿ ಒಳಗೆ ಹೋಗಿಬಿಟ್ಟೆ. ಒಳಗೆ ಹೋಗಿ ಕೈ ಕೈ ಹಿಸುಕಿಕೊಂಡೆ. ಆಣೆ ಮಾಡಿಬಿಟ್ಟಿದ್ದೆನಲ್ಲ.

ಅವನು ಅವಳನ್ನು ಕೇಳಲಿಲ್ಲ. ಬಸ್ಸು ಹತ್ತಿ ಸೀದಾ ಟೆಗನ್ ಹತ್ತಿರ ಹೋದ. ಬೇರೆಯವರ ವಿಷಯ ಅವಳು ಹೇಳುವ ಹಾಗಿಲ್ಲ, ಹೇಳಲೂ ಇಲ್ಲ. ಅವತ್ತಿನಿಂದ ಕ್ಲೆಮ್ ಏನೂ ಮಾತಾಡದೆ ಒಂದು ಕೆಲಸ ಶುರು ಮಾಡಿದ. ತನ್ನ ಮನೆಯಲ್ಲಿ ಏನಿದ್ದರೂ ಅರ್ಧ ತಂದು ನೋಲಾಳ ಬಾಗಿಲಲ್ಲಿಡುವುದು. ಅರ್ಧ ಗಾಡಿ ಸೌದೆ, ಅರ್ಧ ಚೀಲ ಆಲೂಗಡ್ಡೆ. ಯಾರೋ ಕೊಟ್ಟ ಮೀನನ್ನು ಉದ್ದಕ್ಕೆ ಸೀಳಿ ಒಂದು ಹೋಳು. ಒಂದು ಸಲ ಹೂಕೋಸನ್ನೂ ಸರಿಯಾಗಿ ನಡುವೆ ಕತ್ತರಿಸಿ ತಂದಿದ್ದ, ನಡುಗುವ ಕೈಯಲ್ಲಿ ಹೇಗೆ ಕತ್ತರಿಸಿದನೋ! ಇಟ್ಟು, ಬಾಗಿಲು ತಟ್ಟಿ, ಅವಳು ಬರುವುದರೊಳಗೆ ಗುಡ್ಡ ಹತ್ತುತ್ತಿದ್ದ. ಯಾಕೋ ಇದೆಲ್ಲ ಅಂತ ಅವಳು ಕೂಗಿದರೆ, "ನನ್ನ ಹೊಟ್ಟೆ ಸಣ್ಣದಾಗಿದೆ ಹುಡುಗಿ, ಕೊಳೆತು ಹೋಗುತ್ತೆ," ಅನ್ನುತ್ತಿದ್ದ. ಸೌದೆ ಕೊಳೆಯುತ್ತದೆಯೇ?

ಈ ನೋಲಾ ಏನು ಮಾಡಿದಳು ಅಂತೀರಿ? ನಿಂತುಹೋದ ಭತ್ಯೆ ಸ್ವಲ್ಪ ಸ್ವಲ್ಪ ಮತ್ತೆ ಬರಲು ಶುರುವಾದ ಮೇಲೆ, ಹಿಂದೆ ಜಾಸ್ತಿ ಕೊಟ್ಟದ್ದನ್ನು ಆಫೀಸಿನವರು ಮುರಿದುಕೊಂಡು ಉಳಿದದ್ದು ಅಷ್ಟೇ, ಟೆಗನ್ ಮುಂದೆ ಹೋಗಿ ಕೂತು ಇದನ್ನೆಲ್ಲ ಬರೆಸಲು ಹೊರಟಳು. ಅರ್ಧ ಹೂಕೋಸು ಅಂದಾಗ ಟೆಗನ್, "ನೋಲಾ, ದಯವಿಟ್ಟು," ಅಂತ ಎರಡೂ ಕೈ ಎತ್ತಿದಳಂತೆ.

ಮತ್ತೆ ಮಾರ್ಚ್ ಬಂತು. ಮೊದಲ ದಿನ ಬೆಳಗ್ಗೆ, ಹುಲ್ಲಿನ ಮೇಲೆ ಇನ್ನೂ ಇಬ್ಬನಿ, ನಾನು ಎಂದಿನ ಹಾಗೆ ನೋಲಾ ಮತ್ತು ಕ್ಲೆಮ್‌ನ ಸಾಲಿಗೆ ಒಂದು ಖಾಲಿ ಪೆಟ್ಟಿಗೆ ಇಳಿಸಿದೆ. ಕ್ಲೆಮ್ ಕೈ ಅಡ್ಡ ಹಿಡಿದ.

"ಇನ್ನೊಂದು ಇಳಿಸು ಗ್ಲೆನ್. ಈ ಸಲ ಎರಡು ಪೆಟ್ಟಿಗೆ. ಒಂದು ಅವಳದು, ಒಂದು ನಂದು. ಚೀಟೀನೂ ಬೇರೆ ಬೇರೆ."

ನೋಲಾಳ ಮುಖ ಬಿಳಿಚಿಕೊಂಡಿತು. "ನಾನೇನು ತಪ್ಪು ಮಾಡ್ದೆ ಕ್ಲೆಮ್?"

"ನೀನು ಏನೂ ಮಾಡಿಲ್ಲ."

"ಮತ್ತೆ ಜೋಡಿ ಯಾಕೆ ಮುರೀತೀಯಾ? ಊರವರು ಏನಂತಾರೆ? ಇಷ್ಟು ವರ್ಷ ಆದ ಮೇಲೆ..." ಅವಳ ದನಿ ಏರಿತು. ಪಕ್ಕದ ಸಾಲಿನವರು ಇಣುಕಿದರು. ನೋಲಾ ಹಾಗೆ ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಕ್ಲೆಮ್ ಒಂದು ಪೆಟ್ಟಿಗೆಯ ಅಂಚಿಗೆ ಒರಗಿದ. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ, ನಡುಕ ಕಾಣದಿರಲಿ ಅಂತ.

"ಏ ಹುಡುಗಿ, ಸೊಂಟ ನೋವು, ಕೆಳಗಿಂದು ನೀನು ನೋಡ್ಕೋ ಅಂತ ನೀನು ಯಾರಿಗೆ ಹೇಳಿದ್ದು? ಆ ಆಟ ಕಂಡುಹಿಡಿದೋನೇ ನಾನು. ಬೆನ್ನು ಕೇಳಲ್ಲ ಅಂತ ನಿನಗೆ ಹೇಳಿದ್ದೆನಲ್ಲ, ನನ್ನ ಬೆನ್ನಿಗೆ ಏನಾಗಿತ್ತು? ನೀನು ಏಣಿ ಎತ್ಕೊಂಡ ದಿನವೇ ನನಗೆ ಗೊತ್ತಾಯ್ತು."

"ಗೊತ್ತಿದ್ದೂ ಸುಮ್ಮನಿದ್ಯಾ?"

"ನಿನಗೆ ಖುಷಿಯಾಗ್ತಿತ್ತಲ್ಲ, ಇರಲಿ ಅಂತ ಸುಮ್ಮನಿದ್ದೆ. ಮೊದಲ ವರ್ಷ ನೀನೂ ನನಗೋಸ್ಕರ ಸುಮ್ಮನಿದ್ದೆಯಲ್ಲ. ಆದ್ರೆ ಇದು ನಿನ್ನ ಒಲೆ ತನಕ ಬರುತ್ತೆ ಅಂತ ಗೊತ್ತಿರಲಿಲ್ಲ. ಆ ಟೆಗನ್ ನನ್ನ ಹೆಸರು ಕೇಳಿದ ತಕ್ಷಣ ತಲೆ ತಗ್ಗಿಸಿದಳು, ಒಂದು ಮಾತೂ ಹೇಳಲಿಲ್ಲ. ಏನೂ ಇಲ್ದಿದ್ರೆ ಏನೂ ಇಲ್ಲ ಅಂತಿದ್ಲಲ್ಲ. ಇನ್ನು ಸಾಕು. ನಾನು ಎಷ್ಟು ಕೀಳ್ತೀನೋ ಅಷ್ಟು ನಂದು. ಎಲ್ಲರೂ ನೋಡಲಿ. ನನಗೇನೂ ನಾಚಿಕೆಯಿಲ್ಲ."

ನಾಚಿಕೆಯಿತ್ತು. ಅವನ ಕಿವಿ ಕೆಂಪಾಗಿತ್ತು. ಆದರೂ ಎರಡು ಪೆಟ್ಟಿಗೆ ಇಳಿಸಿಕೊಂಡ.

ಆ ಕಾಲವೆಲ್ಲ ಅವನ ಪೆಟ್ಟಿಗೆ ಸಾಲಿನ ತುದಿಯಲ್ಲಿ ಕೂತೇ ಇರುತ್ತಿತ್ತು, ಒಂದು ತುಂಬಲು ಎಷ್ಟೋ ದಿನ ಹಿಡಿಯುತ್ತಿತ್ತು. ಬೇರೆಯವರ ಪೆಟ್ಟಿಗೆಗಳನ್ನು ನಾನು ಎತ್ತಿಕೊಂಡು ಹೋಗುತ್ತಿದ್ದೆ, ಅವನದನ್ನು ದಾಟಿಕೊಂಡು ಹೋಗುತ್ತಿದ್ದೆ. ಒಂದೊಂದು ಹಣ್ಣನ್ನೂ ಎರಡೂ ಕೈಯಲ್ಲಿ ಹಿಡಿದು, ನಡುಕ ನಿಲ್ಲುವ ತನಕ ಕಾದು, ಮೇಲಕ್ಕೆತ್ತುತ್ತಿದ್ದ. ತೊಟ್ಟು ಇಲ್ಲದ ಹಣ್ಣು ಅವನ ಪೆಟ್ಟಿಗೆಯಲ್ಲಿ ಒಂದೂ ಸಿಗುತ್ತಿರಲಿಲ್ಲ. ಮೊದಮೊದಲು ಕೆಲವು ಹೊಸ ಪಡ್ಡೆಗಳು, "ಏನಜ್ಜಾ, ಕ್ರಿಸ್ಮಸ್ಸಿಗೆ ತುಂಬುತ್ತಾ?" ಅಂತ ಚುಡಾಯಿಸಿದರು. ನಾನು ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ಅವರ ಜನ್ಮ ಜಾಲಾಡಿಬಿಟ್ಟೆ. ಆಮೇಲೆ ಯಾರೂ ಬಾಲ ಬಿಚ್ಚಲಿಲ್ಲ. ನೋಲಾ ಒಂದೆರಡು ಸಲ ಯಾರಿಗೂ ಕಾಣದ ಹಾಗೆ ಒಂದು ಚೀಲ ಅವನ ಪೆಟ್ಟಿಗೆಗೆ ಸುರಿಯಲು ನೋಡಿದಳು.

"ಮುಟ್ಟಿದರೆ ನೋಡು ಹುಡುಗಿ," ಅಂತ ಕೊಂಬೆಗಳ ಒಳಗಿಂದ ಕೂಗು ಬಂತು.

ಮೇ ಕೊನೆಗೆ ತೋಟದಲ್ಲಿ ಉಳಿದದ್ದು ಕಡುಗೆಂಪು ಬಣ್ಣದ ಕೊನೆಯ ತಳಿ ಮಾತ್ರ. ಕೊನೆಯ ದಿನ ಮಧ್ಯಾಹ್ನ ಎಲ್ಲರೂ ಏಣಿ ಮಡಚುತ್ತಿದ್ದರು. ಕ್ಲೆಮ್‌ನ ಕೊನೆಯ ಪೆಟ್ಟಿಗೆ ಅರ್ಧಕ್ಕೆ ನಿಂತಿತ್ತು. ಅರ್ಧ ಪೆಟ್ಟಿಗೆ ಎತ್ತುವ ಹಾಗಿಲ್ಲ, ತುಂಬಿದ್ದಕ್ಕೇ ಚೀಟಿ. ಏನು ಮಾಡಲಿ ಅಂತ ನಾನು ಇಂಜಿನ್ ಆರಿಸಿ ಕೂತೆ. ನೋಲಾ ಎದೆಯ ಮೇಲೆ ತುಂಬಿದ ಚೀಲ ಹೊತ್ತು ಸ್ವಲ್ಪ ದೂರದಲ್ಲಿ ನಿಂತಿದ್ದಳು, ಹತ್ತಿರ ಬರುವ ಧೈರ್ಯವಿಲ್ಲ.

ಕ್ಲೆಮ್ ಪೆಟ್ಟಿಗೆಯೊಳಗೆ ಕೈ ಇಳಿಬಿಟ್ಟು ನಡುವಿನ ಹಲಗೆಯ ತನಕ ಮುಟ್ಟಿ ನೋಡಿದ. ಆಮೇಲೆ ತಲೆಯೆತ್ತಿದ.

"ಬಾ ಹುಡುಗಿ. ಹಾಕು."

"ಇದು ನಿನ್ನ ಪೆಟ್ಟಿಗೆ."

"ಅರ್ಧ ನಂದು. ನೋಡು, ಹಲಗೆ ತನಕ ಬಂದಿದೆ. ಇನ್ನರ್ಧ ನಿಂದು."

ಅವಳು ಬಂದು ಚೀಲದ ತಳ ಬಿಚ್ಚಿದಳು. ಹಣ್ಣು ಒಂದಕ್ಕೊಂದು ಬಡಿಯದ ಹಾಗೆ ಮೆಲ್ಲಗೆ ಇಳಿದವು. ಮತ್ತೆ ಹೋಗಿ ಕಿತ್ತು ತಂದಳು, ಮತ್ತೆ. ನಾವೆಲ್ಲ ನಿಂತುಕೊಂಡೇ ಇದ್ದೆವು, ಮನೆಗೆ ಹೋಗುತ್ತೇನೆ ಅಂತ ಯಾರೂ ಅನ್ನಲಿಲ್ಲ. ಪೆಟ್ಟಿಗೆ ತುಂಬಿದಾಗ ಕ್ಲೆಮ್ ಮೇಲಿನ ಹಣ್ಣುಗಳನ್ನು ಅಂಗೈಯಲ್ಲಿ ಸವರಿ ಸಮ ಮಾಡಿದ.

"ಬರಿ ಗ್ಲೆನ್. ಎರಡೂ ಹೆಸರು."

ಚೀಟಿಯಲ್ಲಿ ಒಂದೇ ಗೆರೆ. ಗೆರೆಯ ಮೇಲೊಂದು ಹೆಸರು, ಕೆಳಗೊಂದು ಹೆಸರು ಬರೆದೆ. ಕೆಲ್ವಿನ್ ಬಂದು ತಕರಾರು ತೆಗೆಯಲಿ, ಆಮೇಲೆ ನೋಡಿಕೊಳ್ಳುತ್ತೇನೆ ಅಂದುಕೊಂಡೆ. ಅವನು ಬರಲಿಲ್ಲ.

ಆಫೀಸಿನಲ್ಲಿ ನಡೆದದ್ದನ್ನೆಲ್ಲ ಕ್ಲೆಮ್ ಅಷ್ಟರಲ್ಲಿ ನೋಲಾಳ ಬಾಯಿಂದ ಹೊರಡಿಸಿದ್ದ. ಮುಂದಿನ ವಾರ ಮೂವರೂ ನನ್ನ ಗಾಡಿಯಲ್ಲಿ ಭತ್ಯೆ ಆಫೀಸಿಗೆ ಹೋದೆವು. ಕ್ಲೆಮ್ ಬಿಳಿ ಷರಟು ಹಾಕಿಕೊಂಡು ತಲೆ ಬಾಚಿಕೊಂಡಿದ್ದ. ನೋಲಾ ಬೇಡ ಬೇಡ ಅನ್ನುತ್ತಲೇ ಇದ್ದಳು, ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಟೆಗನ್ ಎದುರು ಕುರ್ಚಿ ಎಳೆದುಕೊಂಡು, ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ.

"ನೋಡು ಪುಟ್ಟಿ, ಹೋದ ವರ್ಷ ನನ್ನನ್ನ ಯಾರೂ ಕೇಳಲಿಲ್ಲ. ಈಗ ಕೇಳದೇ ಹೇಳ್ತೀನಿ, ಬರ್ಕೋ. ಹೋದ ವರ್ಷದ ಅಷ್ಟೂ ಪೆಟ್ಟಿಗೆ ಇವಳೇ ತುಂಬಿದ್ದು. ನಾನು ಕಿತ್ತದ್ದು ಲೆಕ್ಕಕ್ಕಿಲ್ಲ. ಆದ್ರೆ ಇವಳು ಏನೂ ಮುಚ್ಚಿಟ್ಟಿಲ್ಲ. ಪ್ರತೀ ಶುಕ್ರವಾರ ಅರ್ಧ ನನ್ನ ಕೈಗೆ ಕೊಟ್ಟಿದಾಳೆ, ನಾನು ಇಸ್ಕೊಂಡಿದೀನಿ, ತಿಂದಿದೀನಿ. ಉಳಿದದ್ದನ್ನ ನಿನಗೆ ಹೇಳಿದಾಳೆ. ಇವಳು ಸುಳ್ಳು ಹೇಳೋಳಲ್ಲ. ಈ ವರ್ಷ ಕೊನೇ ಪೆಟ್ಟಿಗೆ ಅರ್ಧ ಇವಳದು, ಅರ್ಧ ನಂದು. ಅದು ಮಾತ್ರ ನಾನು ಎಣಿಸಿದೀನಿ."

ಟೆಗನ್ ಎಲ್ಲ ಬರೆದುಕೊಂಡಳು. "ದುಡ್ಡು ವಾಪಸ್ ಬರುತ್ತೋ ಇಲ್ವೋ ನನಗೆ ಗೊತ್ತಿಲ್ಲ ಕ್ಲೆಮ್. ನಿಯಮದ ಪ್ರಕಾರ ಬರದೇ ಇರಬಹುದು. ಆದ್ರೆ ಮುಚ್ಚಿಟ್ಟರು ಅಂತ ಇದ್ದ ಮಾತಿನ ಕೆಳಗೆ ಇದನ್ನ ಸೇರಿಸ್ತೀನಿ, ಮೇಲಿನವರಿಗೂ ಕಳಿಸ್ತೀನಿ."

"ದುಡ್ಡು ಹಾಳಾಗಲಿ. ಆ ಮಾತು ಹೋದ್ರೆ ಸಾಕು," ಅಂದ.

ಟೆಗನ್ ಕಣ್ಣೊರೆಸಿಕೊಂಡು ನೋಲಾ ಕಡೆ ತಿರುಗಿ, ಪ್ರತಿ ಸಲ ಕೇಳುವುದನ್ನೇ ಕೇಳಿದಳು. "ಬೇರೆ ಏನಾದರೂ ಇತ್ತಾ ನೋಲಾ?"

"ಇತ್ತು," ಅಂದಳು ನೋಲಾ. "ಚಳಿಗಾಲದಲ್ಲಿ ಇವನು ತಂದಿಟ್ಟದ್ದು. ಸೌದೆ, ಆಲೂಗಡ್ಡೆ, ಮೀನು. ನೀನು ಬರ್ಕೊಳ್ಳಲೇ ಇಲ್ಲ."

"ಅದೆಲ್ಲ ಉಡುಗೊರೆ ನೋಲಾ, ಎಷ್ಟು ಸಲ ಹೇಳಿದೀನಿ."

"ಉಡುಗೊರೆಯಲ್ಲ ಪುಟ್ಟಿ," ಅಂದ ಕ್ಲೆಮ್. "ಅದು ಅವಳ ಪಾಲು."

ಅವನು ಕೈಯನ್ನು ಕಂಕುಳಿನಿಂದ ತೆಗೆದು ಟೇಬಲ್ಲಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದ. ಅದು ನಡುಗುತ್ತಲೇ ಇತ್ತು. ನೋಲಾ ತನ್ನ ಗೀರುಬಿದ್ದ ಕೈಯನ್ನು ಅದರ ಮೇಲಿಟ್ಟು ಹಿಡಿದುಕೊಂಡಳು, ಮನೆ ತಲುಪುವ ತನಕ ಬಿಡಲಿಲ್ಲ.